ಮಂಡಿಯ ಪರದೆ ಮೇಲೆ 212 ಯಾಕೆ?

ನಮಸ್ಕಾರ. ಪ್ರೋಗ್ರಾಮಿನೊಳಗೆ ರೆವಿಷನ್ ನಂಬರ್ (ಇದು ಕೋಡಿನ ಯಾವ ಆವೃತ್ತಿ ಎಂದು ಹೇಳುವ ಗುರುತು) ತರುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಶಿವಮೊಗ್ಗದ ಅಡಿಕೆ ಮಂಡಿಯ ಬಿಲ್ಲಿಂಗ್ ಪ್ರೋಗ್ರಾಮನ್ನು ಉದಾಹರಣೆಗೆ ತಗೊಂಡಿದ್ದು ಇಷ್ಟವಾಯಿತು. ಆದರೆ ಎರಡನೇ ಪ್ಯಾರಾಕ್ಕೆ ಬಂದಾಗ ಸಿಟ್ಟೇ ಬಂತು. ಹೀಗೇ ಹಾಕಲು ಆಗುವುದಿಲ್ಲ.

“ವರ್ಷನ್ ಫೈಲಿನಲ್ಲಿ ಎರಡು ಡಾಲರ್ ಗುರುತಿನ ನಡುವೆ ‘ರೆವ್’ ಎಂದು ಬರೆದರೆ ಸಾಕು, ಸಬ್‌ವರ್ಷನ್ ರೆಪಾಸಿಟರಿಯ ನಂಬರನ್ನು ತಾನೇ ತುಂಬುತ್ತದೆ” ಎಂದಿದ್ದೀರಿ. ಸಬ್‌ವರ್ಷನ್ ಅಂದರೆ ಕೋಡಿನ ಪ್ರತಿ ಬದಲಾವಣೆಯನ್ನು ನಂಬರ್ ಹಾಕಿ ಕಾಪಾಡುವ ಸಾಫ್ಟ್‌ವೇರ್, ರೆಪಾಸಿಟರಿ ಅದರ ಭಂಡಾರ. ಆದರೆ ಬರೀ ‘ರೆವ್’ ಎಂದು ಬರೆದರೆ ಸಾಲದು. ಆ ಫೈಲಿಗೆ ‘ಎಸ್‌ವಿಎನ್:ಕೀವರ್ಡ್ಸ್’ ಪ್ರಾಪರ್ಟಿ (ಸಬ್‌ವರ್ಷನ್ನಿನ ಒಂದು ಸೆಟ್ಟಿಂಗ್) ಹಾಕದಿದ್ದರೆ ಬರೆದದ್ದು ಬರೆದ ಹಾಗೇ ಕೂತಿರುತ್ತದೆ. ಹಾಕಿದರೂ ತುಂಬುವುದು ಆ ಫೈಲು ಕೊನೆಗೆ ಬದಲಾದ ನಂಬರು, ರೆಪಾಸಿಟರಿಯದ್ದಲ್ಲ. ನಿಮ್ಮ ಪ್ರೋಗ್ರಾಮಿನಲ್ಲೇ ನೋಡಿ: ವರ್ಷನ್ ಫೈಲನ್ನು 212ರಲ್ಲಿ ಮುಟ್ಟಿದ್ದೀರಿ, ರಾಶಿ-ಬೆಟ್ಟೆ ಅಡಿಕೆ ದರದ ಲೆಕ್ಕವನ್ನು 240ರಲ್ಲಿ ತಿದ್ದಿದ್ದೀರಿ. ಮಂಡಿಯ ಪರದೆ ಮೇಲೆ 212 ಅಂತಲೇ ಇರುತ್ತದೆ. ತಪ್ಪು ಬಿಲ್ ಹಿಡಿದುಕೊಂಡು ಗುಮಾಸ್ತರು ಫೋನ್ ಮಾಡಿದರೆ ಯಾವ ಕೋಡ್ ತೆಗೆದು ನೋಡುತ್ತೀರಿ?

ಇಡೀ ವರ್ಕಿಂಗ್ ಕಾಪಿಯ (ನಿಮ್ಮ ಕಂಪ್ಯೂಟರಿನಲ್ಲಿರುವ ಕೋಡ್ ಪ್ರತಿಯ) ನಂಬರು ಬೇಕಿದ್ದರೆ ‘ಎಸ್‌ವಿಎನ್‌ವರ್ಷನ್’ ಕಮಾಂಡ್ ಇದೆ. ಬರೀ ‘240’ ಬಂದರೆ ಸರಿ. ‘212:240ಎಂ’ ಎಂದು ಬಂದರೆ ಕೆಲವು ಫೈಲು ಇನ್ನೂ ಹಳೇ ರೆವಿಷನ್ನಿನಲ್ಲಿವೆ, ಕಮಿಟ್ ಆಗದ, ಅಂದರೆ ರೆಪಾಸಿಟರಿಗೆ ಇನ್ನೂ ಸೇರದ, ತಿದ್ದುಪಡಿಯೂ ಇದೆ; ‘ಎಂ’ ಹೇಳುವುದು ಅದನ್ನೇ. ಕಮಿಟ್ ಮಾಡಿ, ಅಪ್‌ಡೇಟ್ ಮಾಡಿ, ಆಮೇಲೆ ಬಿಲ್ಡ್ (ಕೋಡಿನಿಂದ ಓಡುವ ಪ್ರೋಗ್ರಾಮ್ ತಯಾರಿಸುವುದು). ನಾವು ಕೆಲಸ ಕಲಿಯುವಾಗ ಬಿಲ್ಡ್ ಒಪ್ಪಿಸಲು ಹೋದರೆ ಹಿರಿಯರು ಕೇಳುತ್ತಿದ್ದದ್ದು ಒಂದೇ, “ಎಂ ಇದೆಯೇನೋ?” ಇದ್ದರೆ ಮಾತಿಲ್ಲ, ವಾಪಸ್.

ಮುಂದಿನ ಸಾಲು: “ಗಿಟ್‌ನಲ್ಲೂ ಇದೇ ರೀತಿ.” ಇಲ್ಲ ಮಾರಾಯರೇ! ಅದೂ ಸಬ್‌ವರ್ಷನ್ ಥರದ ಸಾಫ್ಟ್‌ವೇರೇ, ಆದರೆ ಗಿಟ್‌ನಲ್ಲಿ ಸರದಿ ನಂಬರೇ ಇಲ್ಲ, ಇರುವುದು ಹ್ಯಾಷ್, ಅಂದರೆ ಒಳಗಿರುವುದರಿಂದ ಲೆಕ್ಕ ಹಾಕಿ ಬಂದ ಅಕ್ಷರ-ಅಂಕಿಗಳ ಗುರುತು. ಫೈಲಿನಲ್ಲಿ ಏನಿದೆ ಎಂಬುದೂ ಸೇರಿಯೇ ಕಮಿಟ್ಟಿನ ಹ್ಯಾಷ್ ಹುಟ್ಟುವುದರಿಂದ, ಅದನ್ನು ಅದೇ ಕಮಿಟ್ಟಿನ ಫೈಲಿನೊಳಗೆ ಮುಂಚೆಯೇ ಬರೆದಿಡಲು ಬರುವುದಿಲ್ಲ. ‘ಐಡೆಂಟ್’ ಎಂಬ ಗಿಟ್ ಸೆಟ್ಟಿಂಗ್ ಆನ್ ಮಾಡಿದರೆ ಸಿಗುವುದೂ ಆ ಒಂದು ಫೈಲಿನ ಹ್ಯಾಷ್, ಕಮಿಟ್ಟಿನದ್ದಲ್ಲ.

ಹಾಗಾಗಿ ಬಿಲ್ಡ್ ಸಮಯದಲ್ಲೇ ‘ಗಿಟ್ ಡಿಸ್ಕ್ರೈಬ್ --ಟ್ಯಾಗ್ಸ್ --ಆಲ್ವೇಸ್ --ಡರ್ಟಿ’ ಓಡಿಸಿ. ಹತ್ತಿರದ ಟ್ಯಾಗ್ (ಕಮಿಟ್ಟಿಗೆ ಕೊಟ್ಟ ಹೆಸರು), ಅದಿಲ್ಲದಿದ್ದರೆ ಹ್ಯಾಷ್ ಬರುತ್ತದೆ. ಬಂದದ್ದನ್ನು ಒಂದು ಹೆಡರ್ ಫೈಲಿಗೆ ಬರೆಸಿ. ಆ ಫೈಲನ್ನು ಕಮಿಟ್ ಮಾಡಬೇಡಿ, ಗಿಟ್‌ಇಗ್ನೋರ್‌ಗೆ (ಗಿಟ್ ಲೆಕ್ಕಕ್ಕೆ ತಗೊಳ್ಳಬಾರದ ಫೈಲುಗಳ ಪಟ್ಟಿಗೆ) ಸೇರಿಸಿ. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಇದ್ದಾಗ ಮಾತ್ರ ಬರೆಸಿ. ಸುಮ್ಮಸುಮ್ಮನೆ ಬರೆದರೆ ಆ ಹೆಡರ್ ಸೇರಿಸಿಕೊಂಡ ಫೈಲುಗಳೆಲ್ಲ ಪ್ರತಿ ಸಲ ಮತ್ತೆ ಕಂಪೈಲ್ ಆಗುತ್ತವೆ. ಬಿಲ್ಡ್ ಹೊಂದಿಸಿಕೊಡುವ ಸಿಮೇಕ್‌ನಲ್ಲಿ ನೀವು ಬಳಸಿದ ‘ಎಕ್ಸಿಕ್ಯೂಟ್_ಪ್ರೋಸೆಸ್’ ಕಾನ್ಫಿಗರ್ ಮಾಡುವಾಗ (ಬಿಲ್ಡ್‌ಗೆ ಸಜ್ಜುಮಾಡುವಾಗ) ಮಾತ್ರ ಓಡುವಂಥದ್ದು. ಆಮೇಲೆ ಎಷ್ಟು ಕಮಿಟ್ ಮಾಡಿದರೂ ಹಳೇ ಹ್ಯಾಷೇ. ಆ ಕೆಲಸವನ್ನು ಬೇರೆ ಸ್ಕ್ರಿಪ್ಟಿಗೆ ಹಾಕಿ, ‘ಆ್ಯಡ್_ಕಸ್ಟಮ್_ಟಾರ್ಗೆಟ್’ ಮೂಲಕ ಕರೆಸಿ, ನಿಮ್ಮ ಪ್ರೋಗ್ರಾಮ್ ಅದನ್ನು ಅವಲಂಬಿಸುವಂತೆ ಮಾಡಿ.

ಉಳಿದ ಪ್ಯಾರಾಗಳ ತಂಟೆಗೆ ಈಗ ಹೋಗುವುದಿಲ್ಲ. ಹಳೇ ಟ್ಯಾಗಿರುವ ರೆಪಾಸಿಟರಿಯನ್ನು ‘ಡೆಪ್ತ್ 1’ ಇಟ್ಟು, ಅಂದರೆ ಕೊನೆಯ ಕಮಿಟ್ ಮಾತ್ರ ಬರುವಂತೆ, ಕ್ಲೋನ್ (ನಕಲು) ಮಾಡಿ ಅದೇ ಡಿಸ್ಕ್ರೈಬ್ ಕಮಾಂಡ್ ಓಡಿಸಿ. ಟ್ಯಾಗ್ ಹೋಗಿ ಬರೀ ಹ್ಯಾಷ್ ಉಳಿದಿರುತ್ತದೆ. ಆ ಔಟ್‌ಪುಟ್ಟನ್ನೂ ಸೇರಿಸಿ, ಎರಡನೇ ಪ್ಯಾರಾ ಪೂರ್ತಿ ಹೊಸದಾಗಿ ಬರೆದು ಕಳಿಸಿ.