ನಿಮ್ಮ ‘ಫೋರ್ಕ್’ ಲೇಖನ ಈ ಸಂಚಿಕೆಗೆ ಯಾಕೆ ಹಾಕುತ್ತಿಲ್ಲ

ಪ್ರಿಯ ಮಿತ್ರರೇ,

ನೀವು ಕಳಿಸಿದ ‘ಒಂದು ಪ್ರೊಸೆಸ್ ಎರಡಾದ ಕಥೆ’ ಓದಿದೆ. ಲಿನಕ್ಸ್‌ನಲ್ಲಿ ಫೋರ್ಕ್ (ಓಡುತ್ತಿರುವ ಪ್ರೋಗ್ರಾಂನ, ಅಂದರೆ ಪ್ರೊಸೆಸ್‌ನ, ಇನ್ನೊಂದು ಪ್ರತಿ ಮಾಡುವುದು), ಎಕ್ಸೆಕ್ (ಪ್ರೊಸೆಸ್ ಒಳಗಿನ ಪ್ರೋಗ್ರಾಂ ಬದಲಿಸುವುದು), ವೇಟ್ (ಹುಟ್ಟಿಸಿದ ಪ್ರೊಸೆಸ್ ಮುಗಿಯುವವರೆಗೆ ಕಾಯುವುದು) ಎಂಬ ಸಿಸ್ಟಮ್ ಕಾಲ್‌ಗಳಿಂದ, ಅಂದರೆ ಆಪರೇಟಿಂಗ್ ಸಿಸ್ಟಮ್‌ಗೆ ಮಾಡುವ ಕರೆಗಳಿಂದ, ಹೊಸ ಪ್ರೊಸೆಸ್ ಹೇಗೆ ಶುರುವಾಗುತ್ತದೆ ಅಂತ ಕನ್ನಡದಲ್ಲಿ ಹೇಳಲು ಹೊರಟಿದ್ದೀರಿ. ವಿಷಯ ನಮಗೆ ಬೇಕಾದದ್ದೇ. ಆದರೆ ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ದಾವಣಗೆರೆಯವರು ಬರೆದದ್ದೆಲ್ಲ ಬೆಣ್ಣೆದೋಸೆಯಿಂದಲೇ ಶುರುವಾಗಬೇಕು ಅಂತ ಕಾನೂನೇನಿಲ್ಲ. ಹರಿಹರದಲ್ಲೋ ಜಗಳೂರಿನಲ್ಲೋ ಕೂತು ಓದುವ ಬಿಸಿಎ, ಡಿಪ್ಲೊಮಾ ಹುಡುಗರಿಗೆ ನಾಳೆ ಬೆಳಿಗ್ಗೆ ಲ್ಯಾಬ್ ಇರುತ್ತದೆ. ಅವರನ್ನು ಸುಮ್ನೆ ಹೆಂಚಿನ ಮುಂದೆ ಕಾಯಿಸಬೇಡಿ.

ವಿದ್ಯಾನಗರದ ಜೆರಾಕ್ಸ್ ಅಂಗಡಿಯ ಹೋಲಿಕೆ ಇರಲಿ. ಆದರೆ ಅದನ್ನು ಅರ್ಧಕ್ಕೇ ಬಿಟ್ಟಿದ್ದೀರಿ. ಫೋರ್ಕ್ ಮಾಡಿದ ಕೂಡಲೇ ಇಡೀ ಮೆಮೊರಿ ಕಾಪಿಯಾಗುತ್ತದೆ ಅಂತ ಬರೆದಿದ್ದೀರಿ. ಈಗಿನ ಲಿನಕ್ಸ್‌ನಲ್ಲಿ ಹಾಗಾಗುವುದಿಲ್ಲ. ಪೇರೆಂಟ್ (ಫೋರ್ಕ್ ಮಾಡಿದ ಪ್ರೊಸೆಸ್), ಚೈಲ್ಡ್ (ಅದರಿಂದ ಹುಟ್ಟಿದ್ದು) ಎರಡೂ ಮೆಮೊರಿಯ ಅದೇ ಪುಟಗಳನ್ನು (ಮೆಮೊರಿಯ ತುಂಡುಗಳನ್ನು) ಓದುತ್ತಿರುತ್ತವೆ. ಯಾವುದಾದರೂ ಒಂದು ಬರೆಯಲು ಹೋದಾಗ ಆ ಪುಟ ಮಾತ್ರ ಜೆರಾಕ್ಸ್ ಆಗುತ್ತದೆ. ಇದೇ ಕಾಪಿ ಆನ್ ರೈಟ್.

ಇನ್ನು ಕೋಡ್. ಫೋಟೋ ನೋಡಿ ಟೈಪ್ ಮಾಡಿ ಓಡಿಸಿದೆ. ಮೊದಲು ‘ಶುರು’ ಅಂತ ಪ್ರಿಂಟ್, ಆಮೇಲೆ ಫೋರ್ಕ್, ಆಮೇಲೆ ‘ನಾನು ಪೇರೆಂಟ್’, ‘ನಾನು ಚೈಲ್ಡ್’. ಸ್ಕ್ರೀನ್ ಮೇಲೆ ಮೂರು ಸಾಲು ಬಂತು, ನೀವು ಹೇಳಿದ ಹಾಗೇ. ಅದನ್ನೇ ಒಂದು ಫೈಲಿಗೆ ಕಳಿಸಿ ನೋಡಿ. ನಾಲ್ಕು ಸಾಲು ಬರುತ್ತದೆ, ‘ಶುರು’ ಎರಡು ಸಲ! ಫೋರ್ಕ್‌ಗಿಂತ ಮೇಲಿರುವ ಸಾಲು ಒಂದೇ ಸಲ ಓಡಬೇಕು ಅಲ್ವಾ? ಓಡಿದ್ದೂ ಒಂದೇ ಸಲ. ಆದರೆ ಪ್ರಿಂಟ್‌ಎಫ್ ನೇರವಾಗಿ ಬರೆಯುವುದಿಲ್ಲ, ಮೊದಲು ಬಫರ್‌ನಲ್ಲಿ, ಅಂದರೆ ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ, ಇಟ್ಟುಕೊಳ್ಳುತ್ತದೆ. ಟರ್ಮಿನಲ್ ಆದರೆ ಸಾಲು ಮುಗಿದ ತಕ್ಷಣ ಬಫರ್ ಖಾಲಿ. ಫೈಲ್ ಆದರೆ ಬಫರ್ ತುಂಬುವವರೆಗೆ ಅಥವಾ ಪ್ರೋಗ್ರಾಂ ಮುಗಿಯುವವರೆಗೆ ಅಲ್ಲೇ ಕೂತಿರುತ್ತದೆ. ಆ ಹೊತ್ತಿಗೆ ಫೋರ್ಕ್ ಆದರೆ ‘ಶುರು’ ಇರುವ ಬಫರ್ ಇಬ್ಬರ ಪಾಲಿಗೂ ಬರುತ್ತದೆ, ಮುಗಿಯುವಾಗ ಇಬ್ಬರೂ ಅದನ್ನು ಬರೆಯುತ್ತಾರೆ. ಫೋರ್ಕ್‌ಗೆ ಮುಂಚೆ ಎಫ್‌ಫ್ಲಶ್ ಹಾಕಿ ಬಫರ್ ಖಾಲಿ ಮಾಡಿದರೆ ಸರಿಹೋಗುತ್ತದೆ. ಲ್ಯಾಬ್‌ನಲ್ಲಿ ಹುಡುಗರು ತಲೆ ಕೆರೆದುಕೊಳ್ಳುವುದು ಇಂಥ ಕಡೆಯೇ. ನಿಮ್ಮ ಲೇಖನಕ್ಕೆ ಇದೇ ಒಳ್ಳೇ ಆರಂಭ ಆಗುತ್ತಿತ್ತು.

‘ಮೊದಲು ಪೇರೆಂಟ್, ಆಮೇಲೆ ಚೈಲ್ಡ್’ ಎಂಬ ಸಾಲು ತಪ್ಪು. ಯಾರು ಮೊದಲು ಓಡುತ್ತಾರೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. ಫೋರ್ಕ್ ಚೈಲ್ಡ್‌ಗೆ 0, ಪೇರೆಂಟ್‌ಗೆ ಚೈಲ್ಡ್‌ನ ಪಿಐಡಿ (ಪ್ರೊಸೆಸ್‌ನ ಗುರುತಿನ ಸಂಖ್ಯೆ) ಕೊಡುತ್ತದೆ ಅಂತ ಸರಿಯಾಗಿ ಹೇಳಿದ್ದೀರಿ. ಆದರೆ ಫೋರ್ಕ್ ಕೈಕೊಟ್ಟರೆ -1 ಬರುತ್ತದೆ. ನಿಮ್ಮ ಕೋಡ್ ಅದನ್ನು ನೋಡುವುದೇ ಇಲ್ಲ.

ನನಗೆ ಜಾಸ್ತಿ ಬೇಜಾರಾದದ್ದು ಬೇರೆ. ವಿಂಡೋಸ್‌ನಲ್ಲಿ ಕ್ರಿಯೇಟ್‌ಪ್ರೊಸೆಸ್ ಎಂಬ ಒಂದೇ ಕರೆ ಸಾಕು, ಹತ್ತು ಆರ್ಗ್ಯುಮೆಂಟ್ ಕೊಟ್ಟರೆ ಕೆಲಸ ಮುಗಿಯಿತು. ಯುನಿಕ್ಸ್‌ನಲ್ಲಿ ಮಾತ್ರ ಫೋರ್ಕ್ ಬೇರೆ, ಎಕ್ಸೆಕ್ ಬೇರೆ ಯಾಕೆ? ಓದುಗ ಕೇಳುವ ಮೊದಲ ಪ್ರಶ್ನೆಯೇ ಇದು. ನಿಮ್ಮ ಆರು ಪುಟದಲ್ಲಿ ಎಲ್ಲೂ ಉತ್ತರವಿಲ್ಲ. ಶೆಲ್‌ನಲ್ಲಿ (ನಾವು ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ) ಎಲ್‌ಎಸ್‌ನ (ಫೈಲ್‌ಗಳ ಪಟ್ಟಿ ತೋರಿಸುವ ಕಮಾಂಡ್) ಔಟ್‌ಪುಟ್ ಫೈಲಿಗೆ ಹಾಕು ಅಂದಾಗ ಏನಾಗುತ್ತದೆ ನೋಡಿ. ಶೆಲ್ ಫೋರ್ಕ್ ಆಗುತ್ತದೆ. ಆ ಚೈಲ್ಡ್ ಇನ್ನೂ ಶೆಲ್‌ನ ಕೋಡನ್ನೇ ಓಡಿಸುತ್ತಿರುತ್ತದೆ. ಅದು ಫೈಲ್ ತೆರೆದು, ಡಿಸ್ಕ್ರಿಪ್ಟರ್ 1ರ (ಪ್ರೋಗ್ರಾಂನ ಔಟ್‌ಪುಟ್ ಹೋಗುವ ದಾರಿಯ ಸಂಖ್ಯೆ) ಜಾಗಕ್ಕೆ ಕೂರಿಸುತ್ತದೆ. ಆಮೇಲೆ ಎಕ್ಸೆಕ್. ಪಿಐಡಿ ಅದೇ, ತೆರೆದ ಫೈಲ್ ಅದೇ, ಒಳಗಿನ ಪ್ರೋಗ್ರಾಂ ಮಾತ್ರ ಎಲ್‌ಎಸ್. ಅದು ಎಂದಿನಂತೆ 1ಕ್ಕೆ ಬರೆಯುತ್ತದೆ, ಸ್ಕ್ರೀನೋ ಫೈಲೋ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎರಡು ಕರೆಗಳ ನಡುವಿನ ಈ ಬಿಡುವು ಇರುವುದರಿಂದಲೇ ರೀಡೈರೆಕ್ಷನ್ (ಹೀಗೆ ಔಟ್‌ಪುಟ್‌ನ ದಾರಿ ತಿರುಗಿಸುವುದು), ಪೈಪ್ (ಒಂದರ ಔಟ್‌ಪುಟ್ ಇನ್ನೊಂದಕ್ಕೆ ಕೊಡುವುದು) ಎಲ್ಲ ಇಷ್ಟು ಸಲೀಸು. ಕನಿಷ್ಠ ಒಂದೂವರೆ ಪುಟ ಇದಕ್ಕೇ ಕೊಡಿ.

ಸಣ್ಣಪುಟ್ಟವು ಇನ್ನೆರಡು. ಜಾಂಬಿ ಪ್ರೊಸೆಸ್ (ಮುಗಿದಿದ್ದರೂ ಪೇರೆಂಟ್ ಇನ್ನೂ ವೇಟ್ ಮಾಡದ ಚೈಲ್ಡ್) ಮೆಮೊರಿ ತಿಂದುಹಾಕುತ್ತದೆ ಅಂತ ಹೆದರಿಸಬೇಡಿ. ಅದರ ಮೆಮೊರಿ ಆಗಲೇ ವಾಪಸ್ ಹೋಗಿರುತ್ತದೆ. ಉಳಿದಿರುವುದು ಪ್ರೊಸೆಸ್ ಟೇಬಲ್‌ನಲ್ಲಿ ಒಂದು ನಮೂದು, ಪೇರೆಂಟ್ ವೇಟ್ ಮಾಡಿದರೆ ಅದೂ ಹೋಗುತ್ತದೆ. ಫೋರ್ಕ್ ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಒಬ್ಬರ ತಲೆಯಿಂದ ಹುಟ್ಟಿದ್ದಲ್ಲ. ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1963ರಲ್ಲೇ ಆ ವಿಚಾರ ಬರೆದಿದ್ದರು, ಯುನಿಕ್ಸ್‌ಗೆ ಮುಂಚೆ ಬರ್ಕ್ಲಿಯ ಟೈಮ್‌ಶೇರಿಂಗ್ ಸಿಸ್ಟಮ್‌ನಲ್ಲೂ ಇತ್ತು. ಪಿಡಿಪಿ-7 ಎಂಬ ಹಳೇ ಕಂಪ್ಯೂಟರಿನ ಯುನಿಕ್ಸ್‌ಗೆ ಅದನ್ನು ಸೇರಿಸಲು ಬೇಕಾದದ್ದು ಬರೀ 27 ಸಾಲು ಅಸೆಂಬ್ಲಿ ಅಂತ ಥಾಂಪ್ಸನ್ ಜೊತೆ ಯುನಿಕ್ಸ್ ಕಟ್ಟಿದ ಡೆನ್ನಿಸ್ ರಿಚಿ ಬರೆದಿದ್ದಾರೆ. ಇದನ್ನು ಸೇರಿಸಿ, ಹುಡುಗರಿಗೆ ಖುಷಿಯಾಗುತ್ತದೆ.

ನಿಮ್ಮ ಭಾಷೆ ಚೆನ್ನಾಗಿದೆ, ಅದರ ತಂಟೆಗೆ ಹೋಗಬೇಡಿ. ತಿದ್ದಿದ ಲೇಖನದ ಜೊತೆ ಸಿ ಫೈಲನ್ನೇ ಕಳಿಸಿ, ಫೋಟೋ ಬೇಡ. ಟರ್ಮಿನಲ್‌ನಲ್ಲಿ ಬಂದ ಔಟ್‌ಪುಟ್, ಫೈಲಿಗೆ ಹೋದ ಔಟ್‌ಪುಟ್ ಎರಡೂ ಬೇಕು. ನಾಲ್ಕು ಪುಟ ದಾಟದಿದ್ದರೆ ಮುಂದಿನ ಸಂಚಿಕೆಯಲ್ಲಿ ಜಾಗ ಮಾಡುತ್ತೇನೆ.

ಇಂತಿ,
ಸಂಪಾದಕ, ದಾವಣಗೆರೆ