ಎರಡು ಸಾಲಿನ ಜೋಕನ್ನು ಬಿಡಿಸಿ ಹೇಳಿದರೆ ನಗು ಯಾಕೆ ಬರಲ್ಲ?

ಕೊನೆಯ ಒಂದು ಹೆಜ್ಜೆಯನ್ನು ಓದುಗನೇ ಇಡಬೇಕು, ಅದಕ್ಕೆ. ಬರೆದವನೇ ಅದನ್ನೂ ಇಟ್ಟುಬಿಟ್ಟರೆ ಓದುವವನಿಗೆ ಮಾಡೋಕೆ ಏನೂ ಉಳಿಯಲ್ಲ.

ಮಡಿಕೇರಿ ಮಳೆಯ ಬಗ್ಗೆ ಹೀಗೆ ಬರೆಯಬಹುದು: ‘ಜೂನ್‌ನಲ್ಲಿ ಒಗೆದು ಹಾಕಿದ್ದ ನನ್ನ ಶರ್ಟು ಕೊನೆಗೂ ಒಣಗಿತು. ಈಗ ಅದು ಸರಿಯಾಗಿ ಆಗೋದು ಮಗನಿಗೆ.’

ಎಷ್ಟು ವರ್ಷ ಕಳೆಯಿತು ಅಂತ ಇಲ್ಲಿ ಹೇಳಿಲ್ಲ. ‘ಮಗನಿಗೆ’ ಅಂತ ಓದಿದ ಕೂಡಲೇ ಲೆಕ್ಕ ಹಾಕೋದು ನೀವು. ಆ ಲೆಕ್ಕ ತಲೆಯಲ್ಲಿ ಥಟ್ಟನೆ ಕೂಡಿದಾಗಲೇ ನಗು. ಇದನ್ನೇ ‘ಇಲ್ಲಿ ಮಳೆ ಎಷ್ಟು ಜಾಸ್ತಿ ಅಂದ್ರೆ ಬಟ್ಟೆ ಒಣಗುವಷ್ಟರಲ್ಲಿ ಮಗನೇ ದೊಡ್ಡವನಾಗಿರುತ್ತಾನೆ’ ಅಂತ ಬರೆಯಿರಿ. ವಿಷಯ ಅದೇ, ಆದರೆ ಸಪ್ಪೆ. ‘ಎಷ್ಟು ಜಾಸ್ತಿ ಅಂದ್ರೆ’ ಅನ್ನುವಾಗಲೇ ಮುಂದೆ ಉತ್ಪ್ರೇಕ್ಷೆ ಬರುತ್ತೆ ಅಂತ ಗೊತ್ತಾಗಿಬಿಡುತ್ತೆ ಅಲ್ವಾ?

ಪದಗಳ ಜಾಗವೂ ಮುಖ್ಯ. ‘ಮಗನಿಗೆ ಈಗ ಅದು ಸರಿಯಾಗಿ ಆಗುತ್ತೆ’ ಅಂದರೆ ಗುಟ್ಟು ಮೊದಲೇ ರಟ್ಟಾಯಿತು, ಉಳಿದ ಪದಗಳು ಸುಮ್ನೆ ಬಾಲ. ಕನ್ನಡದಲ್ಲಿ ಪದಗಳನ್ನು ಹಿಂದೆಮುಂದೆ ಮಾಡೋದು ಸುಲಭ. ಈ ಅನುಕೂಲವನ್ನು ಬಳಸಿಕೊಳ್ಳದವರೇ ಜಾಸ್ತಿ ಅಂತ ನನಗನಿಸುತ್ತೆ. ದಿನಕರ ದೇಸಾಯಿಯವರ ಚುಟುಕಗಳನ್ನು ಓದಿ ನೋಡಿ. ನಾಲ್ಕೇ ಸಾಲು, ಚುರುಕು ಮುಟ್ಟಿಸೋದು ಹೆಚ್ಚಾಗಿ ಕೊನೆಯಲ್ಲೇ.

ಇನ್ನೊಂದು, ಶರ್ಟಿನ ಸುಳ್ಳು ನಂಬುವಂತಿರೋದು ಜೂನ್ ಮಳೆ ನಿಜವಾಗಿರೋದರಿಂದ. ಮಳೆಗಾಲದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದವರಿಗೆ ಅದು ಪೂರ್ತಿ ಸುಳ್ಳು ಅಂತಲೂ ಅನಿಸಲ್ಲ.