ಚಿತ್ರಕಲೆಯ ಅಭಿರುಚಿಗೂ ಓದಿನ ಅಭಿರುಚಿಗೂ ಸಂಬಂಧ ಇದೆಯೇ?

ಇದೆ, ಆದರೆ ವಸ್ತುವಿನಲ್ಲಿ, ಅಂದರೆ ಕೃತಿ ಯಾವುದರ ಬಗ್ಗೆ ಎಂಬುದರಲ್ಲಿ, ಹುಡುಕಿದರೆ ಸಿಗುವುದಿಲ್ಲ. ನಿಸರ್ಗದ ಚಿತ್ರ ಮೆಚ್ಚುವವರೆಲ್ಲ ಮಲೆನಾಡಿನ ಕಾದಂಬರಿ ಓದುವುದಿಲ್ಲ. ಹೊಂದಿಕೆ ಕಾಣುವುದು ಕೃತಿ ಎಷ್ಟು ಹೇಳಿದೆ, ಎಷ್ಟು ಬಿಟ್ಟಿದೆ ಎಂಬುದರಲ್ಲಿ.

ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳಲ್ಲಿ ಕೆಲವೇ ಗೆರೆಗಳು ನರ್ತಕಿಯ ಚಲನೆಯನ್ನು ಹಿಡಿಯುತ್ತವೆ. ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳಬೇಕು. ಆ ಖಾಲಿ ಜಾಗ ಹಿತವೆನಿಸಿದರೆ ಸಣ್ಣಕತೆ, ಕಿರುಗವಿತೆಗಳೂ ಒಗ್ಗುವ ಸಾಧ್ಯತೆ ಹೆಚ್ಚು. ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ಹೊತ್ತು ಮರೆಯುವವರು ಸಾವಕಾಶದ ವರ್ಣನೆಯನ್ನೂ ಸಾಮಾನ್ಯವಾಗಿ ಸಹನೆಯಿಂದ ಓದುತ್ತಾರೆ. ಹೊಸ ಅನುಭವಕ್ಕೆ ತೆರೆದುಕೊಳ್ಳುವ ಸ್ವಭಾವವನ್ನು ಮನೋವಿಜ್ಞಾನ ಎರಡೂ ಅಭಿರುಚಿಗಳ ಜೊತೆ ಜೋಡಿಸುತ್ತದೆ.

ನಿಮ್ಮ ಅಭಿರುಚಿಯನ್ನು ತಿಳಿಯಲು 10 ಚಿತ್ರ, 10 ಪುಸ್ತಕ ಆರಿಸಿ. ಪ್ರತಿಯೊಂದೂ ಯಾಕೆ ಇಷ್ಟ ಎಂದು ಒಂದೇ ಸಾಲಿನಲ್ಲಿ, ವಸ್ತುವಿನ ಮಾತೆತ್ತದೆ ಬರೆಯಿರಿ. ಅರ್ಧಕ್ಕೆ ಬಿಟ್ಟ ಪುಸ್ತಕಗಳಿಗೂ ಕಾರಣ ಬರೆಯಿರಿ. ನನ್ನ ಪ್ರಕಾರ ಅವೇ ಹೆಚ್ಚು ನಿಜ ಹೇಳುತ್ತವೆ. ಹೆಸರಾಂತ ಕೃತಿ ಅಂತ ಆರಿಸಿದರೆ ಪಟ್ಟಿ ಕೆಡುತ್ತದೆ. ಚಿತ್ರವನ್ನು ಮೊಬೈಲಿನಲ್ಲಷ್ಟೇ ನೋಡಿದರೂ ಅಷ್ಟೇ: ಅಳತೆ, ಬಣ್ಣದ ಪದರ, ಕುಂಚದ ಗುರುತು ಕಾಣದೆ ಕೊನೆಗೆ ವಸ್ತುವನ್ನೇ ಮೆಚ್ಚಿರುತ್ತೀರಿ. ಸಾಧ್ಯವಾದರೆ ಮೂಲಚಿತ್ರಗಳನ್ನೇ ಗ್ಯಾಲರಿಗೆ ಹೋಗಿ ನೋಡಿ.